ಎರಡು ಚೂರು

ಗುಲ್ನಾರ ಹೆಣಕ್ಕೆ ಸುತ್ತಿದ ಕಫನಿನ ಗಂಟು ಬಿಗಿಯುತ್ತಿದ್ದಳು. ಪರದೆಯ ಆಚೆಯಿಂದ ಜಮಾಲಸಾಬನ ದನಿ ಬಂತು.

"ಕಟ್ಟಬ್ಯಾಡ್ರಿ. ಫಾರೂಕ ಬರ್ಲಿ."

ಸವಣೂರಿನ ಆ ಓಣಿಯಲ್ಲಿ ತೀರಿಕೊಂಡ ಹೆಂಗಸರಿಗೆಲ್ಲ ಸ್ನಾನ ಮಾಡಿಸುವವಳು ಗುಲ್ನಾರ. ಕೈ ಹಿಂದಕ್ಕೆ ತೆಗೆದುಕೊಂಡು ಮಗಳು ಮದಿಹಾಳ ಮುಖ ನೋಡಿದಳು.

"ನಿಮ್ಮಪ್ಪಂದು ಏನವಾ ಇದು? ಮಯ್ಯತ್ ಕಾಯಿಸಬಾರದು."

ನಿನ್ನೆ ಸಂಜೆ ಅವ್ವ ನೂರಜಹಾನ ಹೋದಾಗಿನಿಂದ ಮದಿಹಾಳಿಗೆ ಒಂದು ಹನಿ ಅಳು ಬಂದಿರಲಿಲ್ಲ. ತನ್ನ ಕೈಕಾಲು ಬೇರೆ ಯಾರದೋ ಅನ್ನಿಸುತ್ತಿತ್ತು. ಅದಕ್ಕೇ ಹೆದರಿಕೆಯೂ ಆಗುತ್ತಿತ್ತು.

ವೀಳ್ಯದೆಲೆ ವ್ಯಾಪಾರದ ಜಮಾಲಸಾಬ, ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಹುಬ್ಬಳ್ಳಿಯ ಆಸ್ಪತ್ರೆಯವರು ಹೆಂಡತಿಯ ಮೈಯಿಂದ ಕೊಯ್ದುಕೊಂಡ ಎರಡು ಚೂರು ಬಾರದೆ ಜನಾಜದ ಚಟ್ಟ ಏಳುವುದಿಲ್ಲ ಎಂದು ಬಾಗಿಲಲ್ಲೇ ಕೂತಿದ್ದ. "ಮ್ಯಾಲಿನ ಮಾಲಕ ಕೊಟ್ಟಿದ್ದನ್ನ ಪೂರ್ತಿ ಒಪ್ಪಿಸಬೇಕು" ಎಂಬುದೊಂದೇ ಅವನ ಮಾತು. ಅವನ್ನು ತರಲೆಂದೇ ಮಗ ಫಾರೂಕ ಬೆಳಿಗ್ಗೆ ಬೈಕ್ ಹತ್ತಿ ಹೋಗಿದ್ದ.

*

"ಒಂದು ಗಡ್ಡಿಯಿಂದ, ಇನ್ನೊಂದು ರೋಗ ಮುಟ್ಟದ ಜಾಗದಿಂದ. ನೀವು ಒಪ್ಪಿದ್ರ ಅಷ್ಟ" ಎಂದಿದ್ದಳು ಸಂಶೋಧನೆಯ ಹುಡುಗಿ ನೀಲಾಂಬಿಕಾ. ನೂರಜಹಾನಳಿಗೆ ಗರ್ಭಕಂಠದ ಕ್ಯಾನ್ಸರ್ ಎಂದು ತಿಳಿದ ವಾರವದು. "ಮೈಯೊಳಗ ವಿಷ ತಗಿಯೋ ಕಿಣ್ವ ಇರ್ತಾವ್ರಿ. ಅವನ್ನ ಮಾಡಸೋ ಜೀನ್ ಎಲ್ಲಿ ಎಷ್ಟು ಜೋರು ಕೆಲಸ ಮಾಡಾಕತ್ತಾವು ಅಂತ ಎರಡೂ ಹೋಲಿಸಿ ನೋಡ್ತೇವಿ."

"ಚಲೋ ಇದ್ದದ್ದನ್ನ ಯಾಕ ಕೊಯ್ತೀರಿ?" ಮದಿಹಾ ಕೇಳಿದ್ದಳು.

"ಚಲೋದು ನೋಡದ ಕೆಟ್ಟದ್ದು ತಿಳಿಯೂದಿಲ್ಲರಿ."

ನೂರಜಹಾನ ನಕ್ಕುಬಿಟ್ಟಿದ್ದಳು. "ತಗೋರವಾ. ನನ್ನೊಳಗ ಚಲೋದೂ ಐತಿ ಅಂತ ಒಬ್ಬರಾದ್ರೂ ಅಂದ್ರಲ್ಲ!"

ಹೆಂಗಸರ ಜಡ್ಡು ಅಂದರೆ ಮೂಗು ಮುರಿಯುವ ಓಣಿಯಿಂದ ಬಂದವಳಿಗೆ ಆ ಮಾತು ಬಹಳ ಹಿಡಿಸಿತ್ತು. ಮನೆಗೆ ಬಂದವಳೇ ಗಂಡನಿಗೂ ಹೇಳಿದಳು. ಅವನು ಸಿಡುಕಿದಾಗ, "ಹೊಳ್ಳಿ ಕೊಡ್ತಾರ, ಸುಮ್ಮನಿರ್ರಿ" ಎಂದು ಬಾಯಿ ಮುಚ್ಚಿಸಿದ್ದಳು. ಅವನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

*

ಮಧ್ಯಾಹ್ನದ ಜೊಹರ್ ಅಜಾನಿನ ಹೊತ್ತಿಗೆ ಫಾರೂಕ ಹಿತ್ತಲಿನಿಂದ ಒಳಗೆ ಬಂದ. ಕೈ ಖಾಲಿ.

"ಏನೂ ಉಳದಿಲ್ಲಕ್ಕಾ. ಅವತ್ತ ಪರೀಕ್ಷೆಗಂತ ಅರದು ಔಷಧದಾಗ ಕರಗಿಸ್ಯಾರಂತ. ಆ ಮೇಡಂ ಮಾಫಿ ಕೇಳಿದ್ರು. ಅಪ್ಪಗ ಹೆಂಗ ಹೇಳೂದು?"

ಅಂಗಳದಲ್ಲಿ ಜನರ ಗುಸುಗುಸು ಶುರುವಾಗಿತ್ತು. ಅವ್ವನನ್ನು ಇನ್ನೊಂದು ಗಳಿಗೆಯೂ ಹೀಗೆ ಬಿಡಲು ಮದಿಹಾಳಿಗೆ ಮನಸ್ಸಾಗಲಿಲ್ಲ. ಉಳಿದ ಬಿಳಿ ಬಟ್ಟೆ ಹರಿದಳು. ಗುಲಾಬಿ ನೀರಿನಲ್ಲಿ ಹತ್ತಿ ಅದ್ದಿ ಎರಡು ಪುಟ್ಟ ಗಂಟು ಕಟ್ಟಿದಳು. ಗುಲ್ನಾರ ನೋಡಿಯೂ ನೋಡದವಳಂತೆ ಮುಖ ತಿರುಗಿಸಿದಳು.

"ಬಂದುವಪ್ಪಾ" ಎಂದು ಮದಿಹಾ ಅವನ್ನು ತಂದೆಯ ಅಂಗೈಯಲ್ಲಿಟ್ಟಳು.

ಜಮಾಲಸಾಬ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಒಳಗಿನ ಹತ್ತಿ ಕುಗ್ಗಿ ನೀರು ಒಸರಿತು. ಬಹಳ ಹೊತ್ತು ಮಗಳನ್ನೇ ನೋಡಿದ. ಗಂಟು ಬಿಚ್ಚಲಿಲ್ಲ.

"ಚಲೋದು ಯಾವುದು?"

ಮದಿಹಾ ಒಂದನ್ನು ಬೆರಳಿಟ್ಟು ತೋರಿಸಿದಳು.

"ಅದನ್ನ ಎದಿ ಮ್ಯಾಲ ಇಡವಾ. ಉಸಿರು ಹೋದ ಮ್ಯಾಲ ಗಂಡ ಮುಟ್ಟೂ ಹಂಗಿಲ್ಲ."

ಮದಿಹಾ ಎರಡನ್ನೂ ಒಳಗಿಟ್ಟಳು, ಗುಲ್ನಾರ ಕಫನಿನ ಗಂಟು ಬಿಗಿದಳು. ಜನಾಜ ಎದ್ದಿತು. ಜಮಾಲಸಾಬ ಹೆಗಲು ಕೊಟ್ಟ. ಗಂಟಿನ ನೀರಿಗೆ ಒದ್ದೆಯಾದ ಅಂಗೈಯನ್ನು ಎಲ್ಲಿಯೂ ತಗುಲಿ ಒರೆಸಿಹೋಗದ ಹಾಗೆ ಮೈಯಿಂದ ದೂರ ಹಿಡಿದುಕೊಂಡು ಓಣಿ ದಾಟಿದ.