ಮೊದಲ ಒಲೆಯ ಹಾಲು

ನನ್ನ ತಮ್ಮ ಭುಜಂಗ ಎಲ್ಲಿ ಹೋಟೆಲ್ ತೆರೆದರೂ ಮೊದಲ ಒಲೆ ಹಚ್ಚಿ ಹಾಲು ಉಕ್ಕಿಸುವವಳು ನಾನೇ. ಕೋಪರಿಯ ಚಹಾದಂಗಡಿಯಿಂದ ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ನಡುವಿನ ಬಾರಿನವರೆಗೂ ಹಾಗೆಯೇ ನಡೆದು ಬಂದಿತ್ತು. ಮನೆಮಗಳ ಕೈಯಲ್ಲಿ ಉಕ್ಕಿದ ಹಾಲು ಶುಭವೆಂದು ನಮ್ಮ ಮನೆಯವರ ನಂಬಿಕೆ. ನಷ್ಟದಲ್ಲಿದ್ದವರ ಹೋಟೆಲುಗಳನ್ನು ಅಗ್ಗಕ್ಕೆ ಹಿಡಿದು, ಒಂದನ್ನು ಹೆಂಡತಿಯ ಹೆಸರಿಗೆ, ಒಂದನ್ನು ಮಗಳು ನಿಶ್ಮಿತಾಳ ಹೆಸರಿಗೆ ಮಾಡುತ್ತಾ ಅವನು ಬೆಳೆದ. ನನ್ನ ಹೆಸರಿಗೆ ಏನೂ ಬರಲಿಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಗಂಡನೊಂದಿಗೆ ಡೊಂಬಿವಲಿಯ ಒಂದೇ ಕೋಣೆಯಲ್ಲಿ ಇದ್ದೇನೆ. ತಮ್ಮನ ಐಶ್ವರ್ಯದಲ್ಲಿ ನನ್ನದೆಂದರೆ ಆ ಬೆಂಕಿ ಹಚ್ಚುವುದೊಂದೇ.

೨೦೧೧ರಲ್ಲಿ ನೆರೂಳದಲ್ಲಿ ಅವನ ಅತಿ ದೊಡ್ಡ ಹೋಟೆಲ್ ಸಿದ್ಧವಾಯಿತು. ಇಟಲಿಯಿಂದ ತರಿಸಿದ ದೀಪಗಳು, ಹಾಲಿಗೆ ಬೆಳ್ಳಿಯ ಪಾತ್ರೆ. ಆ ದೀಪಗಳಿಗಿಂತ ಮೊದಲು ನನ್ನ ಕಣ್ಣು ಚುಚ್ಚಿದ್ದು ಅವನ ಹೆಂಡತಿ ಜಯಲತಾಳ ವಜ್ರದ ಮೂಗುತಿ. ನನ್ನದು ಬರೀ ಗಾಜಿನ ಹರಳು.

ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೊರಟಾಗ ಭುಜಂಗ ಅಡ್ಡ ಬಂದ.

"ಅಕ್ಕ, ಈ ಸಲ ಜಯಲತಾ ಹಚ್ಚಲಿ. ಹೋಟೆಲು ಅವಳ ಹೆಸರಲ್ಲಿ ಉಂಟಲ್ಲ."

"ಡೊಂಬಿವಲಿಯದ್ದು ನಿಶ್ಮಿತಾಳ ಹೆಸರಲ್ಲಿ ಉಂಟು ಮಾರಾಯ. ಆಗ ಅವಳು ಹಚ್ಚಿದಳಾ?"

"ಆಗ ಅವಳಿಗೆ ಹಲ್ಲೇ ಬಂದಿರ್ಲಿಲ್ಲ," ಎಂದು ನಗಲು ನೋಡಿದ.

ಅವನ ಮಗಳು ನಿಶ್ಮಿತಾ ಈ ಸೋದರತ್ತೆಯ ಭುಜ ಹಿಡಿದಳು. "ಮಾಮಿ, ಪ್ಲೀಸ್. ವಿಡಿಯೋ ಹೈ ನಾ! ಮಮ್ಮೀ ಕೀ ಸಾಡೀ ಕಿಚನ್ ಸೇ ಮ್ಯಾಚಿಂಗ್ ಹೈ."

ವಿಡಿಯೋದಲ್ಲಿ ಅಡುಗೆಮನೆಯ ಗೋಡೆಗೆ ಹೊಂದಲು ಜಯಲತಾಳಂಥ ಸೀರೆ ನನ್ನಲ್ಲಿ ಇರಲಿಲ್ಲ. ಹಿಂದೆ ಸರಿದು ನಿಂತೆ.

ಜಯಲತಾ ಒಲೆ ಹಚ್ಚಿದಳು. ಭಟ್ಟರ ಮಂತ್ರ, ಕ್ಯಾಮೆರಾದ ಬೆಳಕು. ಹಾಲು ಏರಿ ಪಾತ್ರೆಯ ಅಂಚಿಗೆ ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಡುಗೆಯ ದಯಾನಂದನ ಕೈ ಚಕ್ಕನೆ ಹೋಗಿ ಗ್ಯಾಸ್ ಆರಿಸಿಬಿಟ್ಟಿತು! ಕೋಪರಿಯಿಂದ ಇಲ್ಲಿಯವರೆಗೆ, ಚೆಲ್ಲಿದ ಪ್ರತಿ ಹನಿಗೂ ಭುಜಂಗನಿಂದ ಬೈಸಿಕೊಂಡೇ ತಲೆ ನರೆತವನು ಅವನು.

"ಎಂತ ಮಾಡಿದ್ದು ನೀನು!" ಜಯಲತಾ ಚೀರಿದಳು.

"ಕೈ ತಾನೇ ಹೋಯ್ತು, ಅಮ್ಮ..."

ಉಬ್ಬಿದ ಹಾಲು ಕುಸಿದು ಕೆನೆ ಕಟ್ಟಿತು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಗಾಬರಿಯೆಂದು ಜನ ತಿಳಿದರು.

ಭುಜಂಗನ ಮುಖ ಬಿಳಿಚಿತ್ತು. "ಅಕ್ಕ, ನೀನೇ ಹಚ್ಚು. ಮುಹೂರ್ತ ಮೀರ್ತದೆ."

"ಹೋಟೆಲು ಯಾರ ಹೆಸರಲ್ಲಿ ಉಂಟೋ ಅವರು ಕರೀಲಿ."

ಜಯಲತಾ ಗೋಡೆಯತ್ತ ನೋಡುತ್ತಾ, "ಬನ್ನಿ ಅಕ್ಕ," ಎಂದಳು.

ಬೇರೆ ಹಾಲು ತರಿಸಿ, ದಯಾನಂದನನ್ನು ಬಾಗಿಲ ಹೊರಗೆ ನಿಲ್ಲಿಸಿ, ನಾನು ಒಲೆ ಹಚ್ಚಿದೆ. ಹಾಲು ಉಕ್ಕಿತು. ಚಪ್ಪಾಳೆ ಬಿದ್ದ ಕೂಡಲೇ ಫೋಟೋದವನು ಕೈ ಬೀಸಿದ. "ಆಂಟಿ, ಥೋಡಾ ಸೈಡ್. ಮೇಡಮ್ ಕೋ ಆನೇ ದೋ."

ಜಯಲತಾಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿ ಎಂದು ಭುಜಂಗನೂ ಕಣ್ಣಲ್ಲೇ ಬೇಡಿದ. ಒಲೆಯ ಎದುರು ಎರಡೂ ಕಾಲು ಊರಿ ನಿಂತೆ.

"ಅವಳೂ ಬರಲಿ," ಎಂದೆ. "ಪಕ್ಕದಲ್ಲಿ ಜಾಗ ಉಂಟು."