ಅತ್ತೆಯ ಒಲೆ ಇದ್ದ ಕೋಣೆ

"ಇನ್ನೊಂದು ಸಲ ಬಳಿಯೇ ಮುಂಡೇದೆ, ಮಸಿ ಹಂಗೇ ಎದ್ದು ಕಾಣ್ತಿದೆ!"

ಮೇಸ್ತ್ರಿ ಬಾಗಿಲಲ್ಲಿ ನಿಂತು ಕಿರುಚಿದ. ನಾನು ಬ್ರಷ್ಷನ್ನು ಸುಣ್ಣದ ಬಕೆಟ್ಟಿಗೆ ಅದ್ದಿ ಮತ್ತೆ ಬಳಿದೆ. ಒಲೆಯ ಮಸಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಬಳಿದಷ್ಟೂ ಸುಣ್ಣವೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

"ಒಣಗಿದ್ಮೇಲೆ ಬೆಳ್ಳಗಾಗುತ್ತೆ, ಸ್ವಲ್ಪ ತಡ್ಕೊಳ್ಳಿ."

"ತಡ್ಕೊಳ್ಳೋಕೆ ಇನ್ಶೂರೆನ್ಸಿನವನೇನು ನಿನ್ನ ಸೋದರಮಾವನಾ? ಇನ್ನೇನು ಬಂದುಬಿಡ್ತಾನೆ. ಬಳಿ!"

ಅದು ನನ್ನ ಅತ್ತೆಯ ಒಲೆಯ ಮಸಿ. ಅತ್ತೆ ನಿನ್ನೆ ಮಧ್ಯಾಹ್ನದವರೆಗೆ ಇದೇ ಕೋಣೆಯಲ್ಲಿ ನಮಗೆಲ್ಲ ಬೇಯಿಸಿ ಹಾಕುತ್ತಿದ್ದಳು. ಎದುರಿನ ಗೋಡೆ ಅವಳ ಮೇಲೆ ಬಿತ್ತು. ಈಗ ಅವಳು ಆಸ್ಪತ್ರೆಯ ಹೆಣದ ಕೋಣೆಯಲ್ಲಿದ್ದಾಳೆ, ನಾನು ಇಲ್ಲಿ ಅವಳ ಗುರುತು ಅಳಿಸುತ್ತಿದ್ದೇನೆ.

ಗಾರೆ ಕೆಲಸದವರಿಗೆ ಕೆಲಸ ನಡೆಯುವ ಕಟ್ಟಡವೇ ಮನೆ. ಪಡಸಾಲೆಗೆ ಪ್ಲಾಸ್ಟರ್ ಹಾಕುವಾಗ ಮಲಗುವ ಕೋಣೆಯಲ್ಲಿರುತ್ತೇವೆ. ಅಲ್ಲಿಗೆ ಟೈಲ್ಸ್ ಬಂದರೆ ಅಡುಗೆಮನೆಗೆ ಹೋಗುತ್ತೇವೆ. ಗೋಡೆ ನುಣ್ಣಗಾದಂತೆಲ್ಲ ಗಂಟುಮೂಟೆ ಎತ್ತಿಕೊಂಡು ಒರಟು ಗೋಡೆ ಹುಡುಕುವುದೇ ನಮ್ಮ ಬಾಳು. ಪೇಂಟಿನ ಡಬ್ಬಿ ಒಳಗೆ ಬಂತೆಂದರೆ ನಮ್ಮ ಸಂಸಾರ ಬೀದಿಗೆ.

ಇದು ಹಳೆ ಮನೆಯ ರಿಪೇರಿ. ಕೆಳಗೆ ಗೋಡೆ ಒಡೆದು ಎರಡು ಕೋಣೆ ಒಂದು ಮಾಡುವುದು, ಮೇಲೆ ಇನ್ನೊಂದು ಮಹಡಿ ಎಬ್ಬಿಸುವುದು. ಓನರ್ ಬೇರೆ ಕಡೆ ಬಾಡಿಗೆಗಿದ್ದರು. ನಾವು ಹಿಂದಿನ ಕೋಣೆಯಲ್ಲಿ ನಮ್ಮ ಪಾಡಿಗೆ ಇದ್ದೆವು. ಆ ಕೋಣೆಗೆ ಪ್ಲಾಸ್ಟರ್ ಆದ ದಿನ ಮೇಸ್ತ್ರಿ ಬಂದು ಅತ್ತೆಯ ಪಾತ್ರೆಗಳನ್ನು ಕಾಲಲ್ಲಿ ತಳ್ಳಿದ.

"ಏ ಮುದುಕಿ, ಮುಂದಿನ ಕೋಣೆಗೆ ಹೋಗು. ಹೊಸ ಗೋಡೆಗೆ ಹೊಗೆ ತಾಗಿದ್ರೆ ಓನರ್ ನನ್ನ ಚರ್ಮ ಸುಲೀತಾರೆ."

"ಅಲ್ಲಿ ಗೋಡೆ ಒಡೀತಿದ್ದೀರಲ್ಲೋ. ನನ್ನ ತಲೆ ಮೇಲೆ ಬಿದ್ರೆ?"

"ನಿನ್ನ ತಲೆ ಗಟ್ಟಿ ಇದೆ, ಗೋಡೆನೇ ಪುಡಿಯಾಗುತ್ತೆ ಬಿಡು."

ಎಲ್ಲರೂ ನಕ್ಕೆವು. ನಾನೂ ನಕ್ಕೆ, ಯಾಕೆಂದರೆ ಅತ್ತೆಯ ತಲೆ ಗಟ್ಟಿ ಎಂದು ನಾನೇ ದಿನಕ್ಕೊಂದು ಸಲ ಗೊಣಗುತ್ತಿದ್ದೆ. ಅತ್ತೆಯೂ ನಕ್ಕು, ಒಲೆಯ ಮೂರು ಇಟ್ಟಿಗೆಗಳನ್ನು ತಾನೇ ಹೊತ್ತುಕೊಂಡು ಈ ಕೋಣೆಗೆ ಬಂದಳು.

ಮೇಲಿನ ಭಾರಕ್ಕೆ ಆಸರೆ ಕಂಬ ಕೊಡದೆ ಮೇಸ್ತ್ರಿ ಕೆಳಗಿನ ಗೋಡೆ ಕಡಿಸುತ್ತಿದ್ದ. ಕೇಳಿದವರಿಗೆ, "ಕಂಬದ ಬಾಡಿಗೆ ನಿಮ್ಮಪ್ಪ ಕೊಡ್ತಾನಾ?" ಎನ್ನುತ್ತಿದ್ದ. ಅಡುಗೆ ಆದ ಕೂಡಲೇ ಅತ್ತೆ ತಟ್ಟೆಗೆ ಇಟ್ಟಿಗೆ ಚೂರಿನಿಂದ ಬಡಿದು ನಮ್ಮನ್ನು ಕರೆಯುವುದು ವಾಡಿಕೆ. ನಿನ್ನೆಯೂ ಮೇಲಿನ ಮಹಡಿಯಲ್ಲಿ ಇಟ್ಟಿಗೆ ಹೊರುತ್ತ, ಹಸಿದುಕೊಂಡು, ಆ ಸದ್ದಿಗೆ ಕಾಯುತ್ತಿದ್ದೆವು. ಅಷ್ಟರಲ್ಲಿ ಕೆಳಗೆ ಗೋಡೆ ಕುಸಿಯಿತು. ಬರಿಗೈಯಲ್ಲಿ ಬಗೆದು ತೆಗೆದೆವು. ಮರಳಿನ ಟೆಂಪೋದಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆ ಇತ್ತು. ಆಸ್ಪತ್ರೆಯ ಗೇಟು ಕಾಣುವಾಗ ಉಸಿರು ನಿಂತುಹೋಯಿತು.

"ರಸ್ತೆ ದಾಟ್ತಿದ್ಲು, ಲಾರಿ ಗುದ್ದಿ ಹೊರಟುಹೋಯ್ತು" ಎಂದು ಮೇಸ್ತ್ರಿ ಆಸ್ಪತ್ರೆಯಲ್ಲಿ ಬರೆಸಿದ. ನನ್ನ ಗಂಡ, ಅವಳ ಹೊಟ್ಟೆಯಲ್ಲಿ ಹುಟ್ಟಿದವನು, ಪಕ್ಕದಲ್ಲಿ ನಿಂತು ತಲೆಯಾಡಿಸಿದ.

ಇವತ್ತು ಬೆಳಿಗ್ಗೆ ಓನರ್ ಬಂದರು. ಅವರು ಮೇಸ್ತ್ರಿಯಂತೆ ಕಿರುಚುವವರಲ್ಲ.

"ನೋಡಮ್ಮ, ಆಗಿದ್ದು ಆಗೋಯ್ತು. ನಂಗೂ ತುಂಬಾ ಬೇಜಾರಾಗಿದೆ. ಈ ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೀನಿ. ಕೆಲಸ ನಡೀವಾಗ ಏನು ಬಿದ್ರೂ ಕಂಪನಿಯವರು ದುಡ್ಡು ಕೊಡ್ತಾರೆ. ಆದ್ರೆ ಒಳಗೆ ಯಾರೂ ವಾಸ ಇರಬಾರದು, ಒಲೆ ಹಚ್ಚಬಾರದು ಅಂತ ಷರತ್ತಿದೆ. ನೀವಿದ್ರಿ ಅಂತ ಗೊತ್ತಾದ್ರೆ ಬಿಡಿಗಾಸೂ ಬರಲ್ಲ."

"ನಾವು ಇದ್ವಲ್ಲ ಸಾರ್."

"ಇರ್ಲಿಲ್ಲಮ್ಮ" ಎಂದರು ಓನರ್, ಮಕ್ಕಳಿಗೆ ಪಾಠ ಹೇಳಿದ ಹಾಗೆ.

"ನಮ್ಮತ್ತೆಗೂ ಇನ್ಶೂರೆನ್ಸ್ ಇತ್ತಾ ಸಾರ್?"

ಅವರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ನನ್ನ ಮೇಲೆ ಹರಿಹಾಯ್ದ.

"ಥೂ, ನಿನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಸಂಜೆ ಹೆಣ ಕೈಗೆ ಸಿಗಬೇಕಾ ಬೇಡ್ವಾ? ನಾನು ಹೋಗಿ ಮಾತಾಡ್ಲಿಲ್ಲ ಅಂದ್ರೆ ಅಲ್ಲೇ ಕೊಳೀತಾಳೆ ನಿಮ್ಮತ್ತೆ!"

ಹೀಗೆ ನನ್ನ ಕೈಗೆ ಬ್ರಷ್ ಬಂತು. ಉಳಿದ ಕೆಲಸದವರನ್ನು ಮಹಡಿಗೆ ಅಟ್ಟಿ, ಕರೆಯುವವರೆಗೆ ಇಳಿಯಬಾರದು, ಉಸಿರೆತ್ತಬಾರದು ಎಂದು ಹೇಳಿದ್ದಾಯಿತು. ಚಾಪೆ, ಬಟ್ಟೆ, ಡಬ್ಬಿಗಳು ಹಿತ್ತಲಿಗೆ ಹೋದವು. ಕೊನೆಗೆ ನನ್ನ ಗಂಡ ಒಲೆಯ ಇಟ್ಟಿಗೆಗಳನ್ನು ಎತ್ತಿಕೊಂಡ.

"ನಿಮ್ಮವ್ವ ಎಲ್ಲಿ ಸತ್ಲು?" ಎಂದು ಕೇಳಿದೆ.

"ಬಾಯಿ ಮುಚ್ಚೇ."

"ಎಲ್ಲಿ ಸತ್ಲು, ಹೇಳೋ."

"ಅವಳನ್ನ ಮಣ್ಣು ಮಾಡೋದು ಬೇಡ್ವೇನೇ? ನಾಳೆ ನಮ್ಮನ್ನ ಕೆಲಸಕ್ಕೆ ಯಾರು ಕರೀತಾರೆ?" ಅವನ ದನಿ ಒಡೆಯಿತು. ಇಟ್ಟಿಗೆಗಳನ್ನು ಗೋಡೆ ಬಿದ್ದ ರಾಶಿಯ ಮೇಲೆ ಎಸೆದು, ಬೆನ್ನು ತಿರುಗಿಸಿ ನಿಂತುಬಿಟ್ಟ. ನಾನು ಬ್ರಷ್ಷನ್ನು ಸುಣ್ಣಕ್ಕೆ ಅದ್ದಿದೆ.

ಇನ್ಶೂರೆನ್ಸ್ ಸಾಹೇಬರು ತಲೆಗೆ ಹಳದಿ ಟೋಪಿ ಹಾಕಿಕೊಂಡು ಬಂದರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಮುರಿದ ಒಂದೊಂದನ್ನೂ ಬಗ್ಗಿ ನೋಡಿ, ಫೋಟೋ ತೆಗೆದು ಬರೆದುಕೊಂಡರು. ಕಿಟಕಿಯ ಚೌಕಟ್ಟು ಬರೆದರು. ಗಾಜು ಬರೆದರು. ಗೋಡೆಯೊಳಗಿನ ಕರೆಂಟು ಪೈಪನ್ನೂ ಬಿಡಲಿಲ್ಲ. ಸೀಳಿಹೋದ ಬಾಗಿಲಿನ ಮುಂದೆ ಓನರ್ ಕರವಸ್ತ್ರ ತೆಗೆದರು.

"ನಮ್ಮ ತಾತ ಮಾಡಿಸಿದ ಬಾಗಿಲು ಸಾರ್. ದುಡ್ಡು ಕೊಟ್ರೆ ಇಂಥದ್ದು ಸಿಗುತ್ತಾ?"

"ಛೆ ಛೆ" ಎಂದು ಸಾಹೇಬರು ಅದನ್ನೂ ಬರೆದರು. ಅವರ ಬೂಟಿಗೆ ಮಣ್ಣಿನಲ್ಲಿ ಹೂತಿದ್ದ ತಟ್ಟೆಯೊಂದು ತಾಗಿ ಠಣ್ಣೆಂದಿತು. "ಇದೇನು?"

"ಕೂಲಿಯವರು ಬುತ್ತಿ ತರ್ತಾರಲ್ಲ ಸಾರ್, ಅದು" ಎಂದ ಮೇಸ್ತ್ರಿ, ತಟ್ಟೆಯನ್ನು ಕಾಲಲ್ಲಿ ಸರಿಸುತ್ತ.

"ಯಾರಿಗಾದ್ರೂ ಪೆಟ್ಟಾಯ್ತಾ?"

"ಅಯ್ಯೋ ಇಲ್ಲ ಸಾರ್! ನಮ್ಮ ಪುಣ್ಯ, ಒಂದು ಇಲೀನೂ ಸಾಯ್ಲಿಲ್ಲ."

ಸಾಹೇಬರು ಅದನ್ನೂ ಬರೆದುಕೊಂಡರು.

ನಾನು ಬ್ರಷ್ಷನ್ನು ಬಕೆಟ್ಟಿಗೆ ಬಿಟ್ಟೆ. ಇಷ್ಟು ಹೊತ್ತು ಅತ್ತೆಯ ಹೆಣ ಸಿಗಲೆಂದು ಬಾಯಿ ಮುಚ್ಚಿಕೊಂಡಿದ್ದೆ. ಇಲಿಯ ಮಾತು ಕೇಳಿದ ಮೇಲೆ ನನ್ನಿಂದ ಆಗಲಿಲ್ಲ. ರಾಶಿ ಹತ್ತಿ ಒಲೆಯ ಆ ಮೂರು ಇಟ್ಟಿಗೆಗಳನ್ನು ಆರಿಸಿಕೊಂಡು ಬಂದು, ಹಸಿ ಸುಣ್ಣದ ಗೋಡೆಗೆ ಒತ್ತಿ ಒಲೆ ಹೂಡಿದೆ. ಜಜ್ಜಿಹೋದ ಪಾತ್ರೆಯೊಂದು ಅಲ್ಲೇ ಸಿಕ್ಕಿತು. ಡ್ರಮ್ಮಿನಿಂದ ನೀರು ತುಂಬಿ ಇಟ್ಟೆ. ಅವರು ಮೂವರೂ ನನಗೆ ಬೆನ್ನು ಮಾಡಿ ಚಾವಣಿಯ ಬಿರುಕು ನೋಡುತ್ತಿದ್ದರು. ಸೌದೆಗೆ ಸುತ್ತ ನೋಡಿದೆ. ತಾತನ ಬಾಗಿಲಿನ ಚಕ್ಕೆಗಳು ಕೈಗೆಟುಕುವಂತೆಯೇ ಬಿದ್ದಿದ್ದವು. ಒಣಮರ, ಒಂದೇ ಕಡ್ಡಿಗೆ ಹತ್ತಿಕೊಂಡಿತು.

"ಏ! ಏ! ಏನೇ ಮಾಡ್ತಿದ್ದೀಯ ಹುಚ್ಚು ಮುಂಡೆ!" ಮೇಸ್ತ್ರಿ ಓಡಿಬಂದ.

ಸಾಹೇಬರು ತಿರುಗಿದರು. "ಇಲ್ಲಿ ಯಾಕಮ್ಮ ಒಲೆ ಹಚ್ತಿದ್ದೀಯ?"

"ದಿನಾ ಇಲ್ಲೇ ಹಚ್ಚೋದು ಸಾರ್. ನಮ್ಮತ್ತೆ ಹಚ್ತಿದ್ಲು. ನಿನ್ನೆ ಈ ಗೋಡೆ ಬಿದ್ದು ಸತ್ಲು. ನೀವು ನಿಂತಿದ್ದೀರಲ್ಲ, ಅಲ್ಲೇ."

ಸಾಹೇಬರು ಕಾಲು ಹಿಂದಕ್ಕೆ ತೆಗೆದುಕೊಂಡರು.

"ಬಾಗಿಲು ಬರ್ಕೊಂಡ್ರಿ. ಪೈಪು ಬರ್ಕೊಂಡ್ರಿ. ಅವಳನ್ನೂ ಬರ್ಕೊಳ್ಳಿ."

"ತಲೆ ಕೆಟ್ಟಿದೆ ಸಾರ್ ಇವಳಿಗೆ. ಇವಳತ್ತೆ ಲಾರಿಗೆ ಸಿಕ್ಕಿ ಸತ್ತಿದ್ದು, ಆ ದುಃಖ" ಎಂದರು ಓನರ್. ಅವರ ದನಿ ಈಗಲೂ ಏರಲಿಲ್ಲ, ಮುಖ ಮಾತ್ರ ಬಿಳಿಚಿಕೊಂಡಿತ್ತು. ಮೇಸ್ತ್ರಿ ನನ್ನ ಗಂಡನ ಕಡೆ ತಿರುಗಿದ.

"ಏನೋ ನೋಡ್ತಿದ್ದೀಯ ಬೋಳಿಮಗನೆ? ನಿನ್ನ ಹೆಂಡ್ತೀನ ಎಳ್ಕೊಂಡು ಹೋಗೋ! ಅಮ್ಮನ ಹೆಣ ಬೇಕಾ ಬೇಡ್ವಾ ನಿಂಗೆ?"

ಗಂಡ ನಿಧಾನವಾಗಿ ಬಂದ. ನನ್ನ ರಟ್ಟೆಗೆ ಕೈ ಹಾಕುತ್ತಾನೆಂದು ಮೈ ಬಿಗಿಹಿಡಿದೆ. ಅವನು ನನ್ನನ್ನು ದಾಟಿ ಹೋಗಿ, ಬಗ್ಗಿ, ಮಣ್ಣಿನಿಂದ ಆ ತಟ್ಟೆಯನ್ನು ಎತ್ತಿದ. ಅಂಗಿಯ ತುದಿಯಿಂದ ಒರೆಸಿದ. ಒಂದು ಇಟ್ಟಿಗೆ ಚೂರು ತೆಗೆದುಕೊಂಡು ಬಡಿಯತೊಡಗಿದ, ಅವನವ್ವ ಬಡಿಯುತ್ತಿದ್ದ ಹಾಗೆಯೇ, ಬಿಡದೆ, ಜೋರಾಗಿ.

ಮಹಡಿಯಲ್ಲಿ ಹೆಜ್ಜೆಗಳ ಸದ್ದಾಯಿತು. "ಯಾರೂ ಇಳೀಬೇಡ್ರೋ!" ಎಂದು ಮೇಸ್ತ್ರಿ ಗಂಟಲು ಹರಿದುಕೊಂಡ. ಮೊದಲು ಕಬ್ಬಿಣದ ಕಂಬಿ ಬಗ್ಗಿಸುವ ಬಾರ್ ಬೆಂಡರ್ ಇಳಿದು ಬಂದ. ಅವನ ಹಿಂದೆ ಇಟ್ಟಿಗೆ ಹೊರುವ ಹೆಂಗಸರು ಬಂದರು, ಆಮೇಲೆ ಉಳಿದವರೆಲ್ಲ. ದಿನವೂ ಮಾಡುವಂತೆ ಡ್ರಮ್ಮಿನ ನೀರಲ್ಲಿ ಕೈ ತೊಳೆದುಕೊಂಡು, ಒಬ್ಬರ ಪಕ್ಕ ಒಬ್ಬರು, ಸಾಹೇಬರ ಕಾಲ ಬಳಿಯೇ ಒಲೆಗೆ ಎದುರಾಗಿ ಕುಳಿತರು.

ಹೊಸ ಸುಣ್ಣದ ಮೇಲೆ ಹೊಗೆ ಹತ್ತತೊಡಗಿತು. ಸಾಹೇಬರ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಪಾತ್ರೆಯಲ್ಲಿ ಬರೀ ನೀರು ಕುದಿಯುತ್ತಿತ್ತು.