ಮೋಡದ ಮೇಲೆ ಬಂಗಾರದಕ್ಷರ

"ಗ್ವಾಡಿಗೆ ಬಣ್ಣಾ ಬಳಿಯಾಂವನೂ ಕಲಾವಂತ ಅಂದ್ರ, ನಮ್ಮ ವಖಾರದ ಎತ್ತು ಸೆಗಣಿ ಹಾಕೂದನ್ನೂ ರಂಗೋಲಿ ಅನ್ನಬೇಕಾಗ್ತದ ನೋಡ್ರಿ!"

ಶಿವರುದ್ರಪ್ಪ ಸಾಹುಕಾರ ಇಷ್ಟು ಹೇಳಿ, ತನ್ನ ಮಾತಿಗೆ ತಾನೇ ಮೊದಲು ನಕ್ಕ. ಸಾಹುಕಾರ ನಕ್ಕ ಮೇಲೆ ಉಳಿದವರು ನಗದೆ ಇರುವುದುಂಟೆ? ಪುಣೆಯ ಭವಾನಿ ಪೇಟೆಯ ಆ ಬೆಲ್ಲ ದಾಸ್ತಾನಿಡುವ ವಖಾರದ ಅಂಗಳದಲ್ಲಿ ಕೂತಿದ್ದ ನಲವತ್ತು ಮಂದಿಯೂ ನಕ್ಕರು. ಅವರಲ್ಲಿ ಅರ್ಧಕ್ಕರ್ಧ ಜನ ಸಹಾಯ ಬೇಡಲು ಬಂದ ಕಲಾವಂತರೇ. ಹಸಿದವನ ನಗೆ ಎಲ್ಲರ ನಗೆಗಿಂತ ಗಟ್ಟಿಯಾಗಿ ಕೇಳುತ್ತದೆ ಅನ್ನುವುದು ಮುರುಗೆಪ್ಪನಿಗೆ ಅವತ್ತು ತಿಳಿಯಿತು.

ಅವನು ಅಂಗಳದ ನಡುವೆ ನಿಂತಿದ್ದ. ಇಪ್ಪತ್ತಮೂರು ವರ್ಷ. ಮೂರನೇ ಇಯತ್ತೆಯಲ್ಲಿ ಮಾಸ್ತರರ ಚಿತ್ರ ಬರೆದು ಪಾಟಿಯ ಜೊತೆಗೆ ಸಾಲೆಯನ್ನೂ ಬಿಟ್ಟು ಬಂದವನು. ಅಲ್ಲಿಂದ ಮುಂದೆ ಅವನ ಸಾಲೆಯೆಲ್ಲ ನಾಟಕ ಕಂಪನಿಯ ಪರದೆಗಳ ಮೇಲೆ. ಅರಮನೆ, ಕಾಡು, ಕೈಲಾಸ, ಜೇಲು: ಏನು ಕೇಳಿದರೂ ಇಪ್ಪತ್ತು ಮೊಳದ ಬಟ್ಟೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತಿದ್ದ. ಮೂವತ್ತೆರಡನೇ ಇಸವಿಯಲ್ಲಿ ಕಂಪನಿ ಪುಣೆಗೆ ಬಂತು. ಅದೇ ಹೊತ್ತಿಗೆ ಮಾತಾಡುವ ಸಿನೆಮಾನೂ ಬಂತು, ಪೇಟೆಯಲ್ಲಿ ಮಂದಿ ಅನ್ನುವ ವ್ಯಾಪಾರದ ಕುಸಿತವೂ ಬಂತು. ವ್ಯಾಪಾರವಿಲ್ಲದವರು ನಾಟಕವನ್ನು ಯಾಕೆ ನೋಡಿಯಾರು? ಮಾಲೀಕ ಈರಬಸಪ್ಪ ಪರದೆಗಳನ್ನು ತೂಕದ ಲೆಕ್ಕದಲ್ಲಿ ಮಾರಿ, ಯಾರಿಗೂ ಹೇಳದೆ ಸೊಲ್ಲಾಪುರದ ಗಾಡಿ ಹತ್ತಿದ. ನಟರು, ಪೇಟಿಯವರು, ತಬಲಾದವರು ಪುಣೆಯ ಬೀದಿಯಲ್ಲಿ ಉಳಿದರು.

ಇಂಥವರ ಕಣ್ಣೀರು ಒರೆಸಲಿಕ್ಕೆಂದೇ ಹುಟ್ಟಿದ್ದು 'ಕನ್ನಡ ಕಲಾವಂತರ ಸಂಕಷ್ಟ ನಿವಾರಣ ನಿಧಿ'. ಹೆಸರು ಉದ್ದ, ಕೈ ಗಿಡ್ಡ. ಹದಿನಾಲ್ಕು ಜನ ದಾನಿಗಳು, ಅವರೆಲ್ಲರ ತಲೆಯ ಮೇಲೆ ಅಧ್ಯಕ್ಷನಾಗಿ ಶಿವರುದ್ರಪ್ಪ ಸಾಹುಕಾರ. ಅವನಿಗೆ ಕಲೆಯ ಬಗ್ಗೆ ಗೊತ್ತಿದ್ದದ್ದು ಇಷ್ಟೆ: ಹಾಡು ಮುಗಿದ ಮೇಲೆ ತಲೆ ಅಲ್ಲಾಡಿಸುವುದು ನಿಲ್ಲಿಸಬೇಕು.

"ನಿಯಮದಲ್ಲಿ ಹಾಡುವವರು, ಬಾರಿಸುವವರು, ಪಾರ್ಟು ಮಾಡುವವರು ಅಂತ ಮಾತ್ರ ಉಂಟು," ಎಂದು ಕಾರ್ಯದರ್ಶಿ ಲೋಕನಾಥ ಕಾಗದ ನೋಡಿ ಓದಿದ. ಅವನು ಕರಾವಳಿಯಿಂದ ಬಂದು ಸ್ಟೇಷನ್ ಹತ್ತಿರ ಹೋಟೆಲು ಇಟ್ಟವನು. "ಬಣ್ಣ ಬಳಿಯುವವರ ಸುದ್ದಿಯೇ ಇಲ್ಲ ಮಾರಾಯ. ನೀನು ಎಂತಕ್ಕೆ ಬಂದದ್ದು?"

"ನಿಮ್ಮ ಹಾಡೋರು ಎದರ ಮುಂದ ನಿಂತು ಹಾಡತಿದ್ರು, ಅದನ್ನ ಬರದಾಂವ ನಾನರಿ," ಎಂದ ಮುರುಗೆಪ್ಪ.

"ಬಾಯಿ ಜೋರದ," ಎಂದ ಸಾಹುಕಾರ.

ಮುರುಗೆಪ್ಪನ ಹಿಂದೆ ನಿಂತಿದ್ದ ರಾಧಾಬಾಯಿಯದು ಇನ್ನೊಂದು ಪಾಡು. ಮೂವತ್ತು ವರ್ಷ ಕಂಪನಿಯಲ್ಲಿ ಹಾಡಿ ಹಲ್ಲು ಉದುರಿಸಿಕೊಂಡ ಆ ಮುದುಕಿಗೆ ನಿಧಿಯವರು ನಡತೆಯ ಸರ್ಟಿಫಿಕೇಟು ತಾ ಎಂದಿದ್ದರು. "ಯಾರ ಕಡಿಂದ ತರ್ಲಿ ಸಾಹುಕಾರ್ರ? ನನ್ನ ನಡತಿ ಬಲ್ಲವ್ರೆಲ್ಲಾ ನಿಮ್ಮ ಅಪ್ಪನ ವಾರ್ಗಿಯವ್ರು. ಸತ್ತು ಹೋಗ್ಯಾರ," ಎಂದಳು ಅವಳು. ಈ ಸಲ ಸಾಹುಕಾರ ನಗಲಿಲ್ಲ. ಹೀಗಾಗಿ ಯಾರೂ ನಗಲಿಲ್ಲ.

ಕಡೆಗೆ ಲೋಕನಾಥನೇ ದಾರಿ ತೆಗೆದ. ಬರುವ ಆದಿತ್ಯವಾರ ನಿಧಿಯ ವಾರ್ಷಿಕೋತ್ಸವ. ವಖಾರದಲ್ಲಿ ಕಟ್ಟೆ ಕಟ್ಟಿ, ದಾನಿಗಳ ಮನೆಯವರನ್ನೆಲ್ಲ ಕರೆದು, ಸಂಜೆ ದೀಪ ಹಚ್ಚಿದ ಮೇಲೆ ಕಾರ್ಯಕ್ರಮ. ಹಿಂದೆ ಕಟ್ಟಲಿಕ್ಕೆ ಒಂದು ಪರದೆ ಬೇಕು. ಬಟ್ಟೆ ನಿಧಿಯದು, ದುಡಿಮೆ ಇವನದು. ಪರದೆ ನೋಡಿ ಇವನು ಕಲಾವಂತನೋ ಅಲ್ಲವೋ ಎಂದು ಕಮಿಟಿ ತೀರ್ಮಾನ ಮಾಡಲಿ. ಹೌದು ಎಂದಾದರೆ ಅರವತ್ತು ರೂಪಾಯಿ ಸಹಾಯ.

"ಅರವತ್ತು!" ಎಂದ ಸಾಹುಕಾರ, ಹಲ್ಲುನೋವು ಬಂದವನ ಹಾಗೆ.

---

ಅರವತ್ತು ರೂಪಾಯಿ ಅಂದರೆ ದೀಪಾವಳಿಯ ತನಕ ಪುಣೆಯಲ್ಲಿ ಉಸಿರಾಡಬಹುದು. ದೀಪಾವಳಿಗೆ ಮಿರಜದ ಕಡೆಯ ಒಂದು ಕಂಪನಿ ಬರುವುದಿತ್ತು, ಪರದೆ ಬರೆಯುವವನು ಬೇಕು ಎಂದು ಹೇಳಿ ಕಳಿಸಿತ್ತು. ಇಲ್ಲವಾದರೆ ದೌಂಡ. ಅಲ್ಲಿ ರೈಲ್ವೆಯಲ್ಲಿದ್ದ ಸೋದರಮಾವ ಸುಂದರ ಒಂದು ನೌಕರಿ ಹಿಡಿದಿಟ್ಟಿದ್ದ: ಮಾಲುಗಾಡಿಯ ಡಬ್ಬಿಗಳಿಗೆ ಡಾಂಬರು ಬಳಿದು, ಬಿಳಿ ಬಣ್ಣದಲ್ಲಿ ನಂಬರು ಹಾಕುವುದು. ಸೋಮವಾರ ಬೆಳಗ್ಗೆ ಏಳಕ್ಕೆ ಬಂದರೆ ಬಂದ, ಇಲ್ಲವಾದರೆ ಬೇರೆಯವನಿಗೆ.

"ನಂಬರ್ ಬರದ್ರ ಏನ್ ಕೈ ಸವಿತಾವೇನು?" ಎಂದಳು ತಾಯಿ ಪಾರವ್ವ. ನಾನಾ ಪೇಟೆಯ ಚಾಳದ ಹಿಂದೆ ಮೂರು ಕಲ್ಲು ಹೂಡಿ, ಎಲುಬು ತೊಗಲಿನ ಅಂಟು ಕುದಿಸುತ್ತಿದ್ದಳು. ಪರದೆಯ ಬಣ್ಣಕ್ಕೆ ಈ ಅಂಟು ಬೆರೆಸದಿದ್ದರೆ ಬಣ್ಣ ಒಣಗಿದ ಮೇಲೆ ಹಿಟ್ಟಿನಂತೆ ಉದುರುತ್ತದೆ. ನಾತಕ್ಕೆ ಅಕ್ಕಪಕ್ಕದವರು ಮರಾಠಿಯಲ್ಲಿ ಬಯ್ಯುತ್ತಿದ್ದರು, ಅವಳು ಕನ್ನಡದಲ್ಲಿ ಬಯ್ಯುತ್ತಿದ್ದಳು.

"ಎವ್ವಾ, ಒಮ್ಮೆ ಡಾಂಬರಕ್ಕ ಕೈ ಹಾಕಿದ್ರ ಮತ್ತ ಪರದೆ ಮುಟ್ಟೂದಿಲ್ಲ ನಾ. ನನಗ ಗೊತ್ತದ."

ಪಾರವ್ವ ಮಗನ ಮುಖ ನೋಡಿದಳು. ಅಂಟಿನ ಗಡಿಗೆಯ ಕೆಳಗೆ ಇನ್ನೊಂದು ಕಟ್ಟಿಗೆ ತುರುಕಿದಳು.

ಆರು ದಿನ ಬರೆದ. ಊರ ಅಗಸಿ ಬರೆದ: ಎತ್ತರದ ಕಲ್ಲಿನ ಬಾಗಿಲು, ಪಕ್ಕದಲ್ಲಿ ಒಂದು ಬೇವಿನ ಮರ, ಕಟ್ಟೆ, ಮೇಲೆ ಆಕಾಶದ ತುಂಬ ದೊಡ್ಡ ಬಿಳಿ ಮೋಡ. ಪರದೆಯ ಕಸಬಿನಲ್ಲಿ ಒಂದು ಮಾತಿದೆ, ಗೊಂಬೆಗೆ ಕಣ್ಣು ಬರೆಯುವ ಮೊದಲು ಕಲಿಸುವ ಮಾತು: ಪರದೆಯನ್ನು ಸೂರ್ಯನಿಗೆ ಬರೆಯಬೇಡ, ಕಂದೀಲಿಗೆ ಬರೆ. ಕಂದೀಲಿನ ಬೆಳಕು ಹಳದಿ. ಅದು ಬಿದ್ದ ಬಣ್ಣಕ್ಕೆಲ್ಲ ತನ್ನ ಅರಿಸಿಣ ಸವರುತ್ತದೆ. ಅದಕ್ಕೇ ಎಲೆಯನ್ನು ಹಗಲಿನಲ್ಲಿ ನೀಲಿ ಬರೆಯಬೇಕು, ದೀಪಕ್ಕೆ ಅದು ಹಸಿರಾಗುತ್ತದೆ. ಕಲ್ಲಿನ ನೆರಳನ್ನು ನೇರಳೆ ಬರೆಯಬೇಕು, ದೀಪಕ್ಕೆ ಕಲ್ಲು ಕಲ್ಲಾಗುತ್ತದೆ. ಮೂವತ್ತು ಮಾರು ದೂರ ಕೂತವನಿಗೆ ಕಾಣಬೇಕಾದದ್ದು ಅದು. ಮೂಗು ತಾಗಿಸಿ ನೋಡುವವನಿಗೆ ಅಲ್ಲ.

---

ಕಮಿಟಿಯವರು ಬಂದದ್ದು ಆದಿತ್ಯವಾರ ಮಧ್ಯಾಹ್ನ ಹನ್ನೆರಡಕ್ಕೆ, ಊಟಕ್ಕೆ ಮುಂಚೆ. ಪರದೆಯನ್ನು ಅಂಗಳದ ಬಿಸಿಲಿಗೆ ಹಾಸಿಸಿ, ಮೂಗು ತಾಗಿಸಿ ನೋಡಿದರು.

"ಬೇವಿನ ಮರ ನೀಲಿ ಅದನ?" ಎಂದ ಸಾಹುಕಾರ. "ಎಲ್ಲಿ ನೋಡೀಯೋ ತಮ್ಮಾ ನೀಲಿ ಬೇವು? ನಿಮ್ಮವ್ವನ ತವರ್ಮನಿಯಾಗ?"

ಸುತ್ತ ನಿಂತ ಹಮಾಲರು, ಅಡುಗೆಯವರು, ಕುರ್ಚಿ ಹೊಂದಿಸಲು ಬಂದವರು ಕಿಸಕ್ಕನೆ ನಕ್ಕರು.

"ಅದು ದೀಪಕ್ಕ ಬರದದ್ರಿ. ಸಂಜಿಗೆ ಕಂದೀಲ ಹಚ್ಚಿ, ಅಲ್ಲಿಂದ..."

"ಗ್ವಾಡಿ ನೇರಳಿ ಹಣ್ಣಿನಂಗ ಅದ. ಜ್ವರ ಬಂದಾವ್ರ ಕನಸಿನಾಗ ಕಂಡಂಗ."

"ದೀಪದ ಬೆಳಕಿನಾಗ..."

"ಏನೋ ಒಂದು ವಾಸನೆ ಕೂಡ ಉಂಟು," ಎಂದ ಲೋಕನಾಥ, ಉತ್ತರೀಯದಿಂದ ಮೂಗು ಮುಚ್ಚಿ. "ಇದರಲ್ಲಿ ಎಂತ ಹಾಕಿದ್ದು?"

"ಅಂಟ್ರಿ. ಎಲುಬಿಂದು."

ಸಾಹುಕಾರ ಎರಡು ಹೆಜ್ಜೆ ಹಿಂದೆ ಸರಿದ. "ಶಿವಶಿವಾ! ನನ್ನ ಬೆಲ್ಲದ ಮ್ಯಾಲೆ ಎಲುಬ ಹಾಸ್ಯಾನಲ್ರೀ! ಇಂವಾ ಕಲಾವಂತ ಅಲ್ಲ, ಕಸಾಯಿ!" ಆಮೇಲೆ ಗಡಿಯಾರ ನೋಡಿದ. ಸಂಜೆ ಆರೂವರೆಗೆ ಮಂದಿ ಬರುತ್ತಾರೆ, ಬೇರೆ ಪರದೆ ಇಲ್ಲ, ಬಟ್ಟೆಗೆ ಬೇರೆ ಖರ್ಚಾಗಿದೆ. "ಇರಲಿ, ಇದನ್ನ ಕಟ್ರಿ. ಏನರ ಒಂದು ಹಿಂದ ಇದ್ರ ಆತು. ಮ್ಯಾಲೆ ಈ ಮೋಡ ಖಾಲಿ ಬಿದ್ದಾವಲ್ಲ, ದಂಡ. ಅಲ್ಲಿ ದಾನಿಗಳ ಹೆಸರ ಬರಿ. ಹದಿನಾಲ್ಕೂ ಹೆಸರ. ನಂದು ನಡುವ, ದೊಡ್ಡದಾಗಿ. ಬಂಗಾರದ ಬಣ್ಣದಾಗ."

"ಬಂಗಾರದಕ್ಷರದಲ್ಲಿ," ಎಂದು ಲೋಕನಾಥ ತಿದ್ದಿದ. ಅವನ ಹೆಸರೂ ಹದಿನಾಲ್ಕರಲ್ಲಿತ್ತು.

"ಸಾಹುಕಾರ್ರ," ಎಂದ ಮುರುಗೆಪ್ಪ, ಹಲ್ಲು ಕಚ್ಚಿಕೊಂಡು, "ಬಿಳಿ ಮ್ಯಾಲೆ ಹಳದಿ ಬರದ್ರ ದೀಪಕ್ಕ..."

"ಮತ್ತ ದೀಪ! ಲೇ, ನಾ ಏನ್ ಕುರುಡನ? ಹೇಳಿದಷ್ಟು ಬರಿ. ನಿನ್ನ ಅರವತ್ತರ ವಿಚಾರ ಸಂಜಿಗೆ. ಅಕ್ಷರ ಛಲೋ ಬಿದ್ರ ಏನರ ಮಾಡೂಣು. ಕಲಾವಂತ ಅಂತ ಅಲ್ಲ, ಬಡವ ಅಂತ."

ಅವರು ಊಟಕ್ಕೆ ಹೋದರು. ಹೋಳಿಗೆಯ ವಾಸನೆ ಅಂಗಳದ ತನಕ ಬಂತು. ಕಲಾವಂತರಿಗೆ ಊಟ ಕಾರ್ಯಕ್ರಮದ ನಂತರ ಎಂದು ಹೇಳಿದ್ದರು.

ಹಮಾಲರು ಪರದೆ ಎತ್ತಿ ಕಟ್ಟಿದ ಮೇಲೆ ಮುರುಗೆಪ್ಪ ಏಣಿ ಹತ್ತಿದ. ಹದಿನಾಲ್ಕು ಹೆಸರನ್ನೂ ಬರೆದ, ದುಂಡಗೆ, ಒಂದಕ್ಷರ ಓರೆಯಾಗದಂತೆ. 'ಶ್ರೀಮಾನ್ ಶಿವರುದ್ರಪ್ಪ' ಅನ್ನುವುದನ್ನು ಒಂದು ಮೊಳ ಎತ್ತರಕ್ಕೆ ಬರೆದ. ಬಿಸಿಲಿಗೆ ಹಳದಿ ಝಗಝಗ ಹೊಳೆಯಿತು.

ಇನ್ನು ಉಳಿದದ್ದು ಒಂದೇ ಕೆಲಸ. ಪರದೆಯ ಮೇಲೆ ಹಳದಿ ಅಕ್ಷರ ಬರೆದರೆ ಅದರ ಅಂಚಿಗೆ ಕಂದು ಬಣ್ಣದ ಗೆರೆ ಎಳೆಯಲೇಬೇಕು. ಆ ಗೆರೆಯೇ ದೀಪದ ಬೆಳಕಿನಲ್ಲಿ ಅಕ್ಷರವನ್ನು ಹಿಡಿದು ನಿಲ್ಲಿಸುವುದು. ಕಸಬಿನವನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ. ಕಂದು ಬಣ್ಣದ ಬೋಗುಣಿ ಏಣಿಯ ಪಕ್ಕದ ಕಂಬದ ಬುಡದಲ್ಲಿತ್ತು. ಅರ್ಧ ತಾಸಿನ ಕೆಲಸ. ಅರ್ಧ ತಾಸು, ಅರವತ್ತು ರೂಪಾಯಿ, ದೀಪಾವಳಿ, ಮಿರಜದ ಕಂಪನಿ.

ಕೆಳಗಿಳಿದು ಕುಂಚವನ್ನು ಕಂದು ಬಣ್ಣಕ್ಕೆ ಅದ್ದಿದ. ಎತ್ತಿ ಹಿಡಿದ. ಕಟ್ಟೆಯ ಮೇಲೆ ರಾಧಾಬಾಯಿ ಹಸಿದು ಕೂತು ಅವನನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಪರದೆಗಳ ಮುಂದೆ ನಿಂತವಳು, ಅವಳಿಗೆ ಗೊತ್ತಿಲ್ಲದ್ದು ಯಾವುದು?

"ಅಂಚ ಎಳ್ಯೂದಿಲ್ಲೇನೋ ತಮ್ಮಾ?" ಎಂದಳು.

"ಅಂಚ ಎಳಿ ಅಂತ ಅವ್ರು ಹೇಳಿಲ್ಲಬೇ."

ರಾಧಾಬಾಯಿ ಬೊಚ್ಚುಬಾಯಿ ಅಗಲಿಸಿ, ಸೆರಗು ಒತ್ತಿಕೊಂಡು ನಕ್ಕಳು. "ಹೌದ ಬಿಡು. ನಾವು ಹೇಳಿದ್ದು ಕೇಳೋ ಮಂದಿ."

ಅವನು ಕುಂಚವನ್ನು ನೀರಿಗೆ ಹಾಕಿ ತೊಳೆದ.

ಊಟ ಮುಗಿಸಿ ಬಂದ ಸಾಹುಕಾರ ತನ್ನ ಹೆಸರಿನ ಕೆಳಗೆ ನಿಂತು, ಎಲೆ ಅಡಿಕೆ ಜಗಿಯುತ್ತ ಬಹಳ ಹೊತ್ತು ನೋಡಿದ. "ಇದು ನೋಡ್ರಿ ಕಲಾ ಅಂದ್ರ!" ಎಂದ.

---

ಸಂಜೆ ಏಳಕ್ಕೆ ಕಟ್ಟೆಯ ಅಂಚಿಗೆ ಹನ್ನೆರಡು ಕಂದೀಲು ಸಾಲಾಗಿ ಹಚ್ಚಿದರು. ಎದುರಿಗೆ ಇನ್ನೂರು ಜನ. ಬೆಲ್ಲದವರು, ಅರಿವೆಯವರು, ಹೋಟೆಲಿನವರು, ಕಾರಕೂನರು, ಅವರ ಹೆಂಡಂದಿರು. ಲೋಕನಾಥ ಸೀಟಿ ಊದಿದ. ಮುಂದೆ ಕಟ್ಟಿದ್ದ ಜಮಖಾನೆ ಸರಿಯಿತು.

ಇನ್ನೂರು ಜನರೂ ಒಮ್ಮೆಲೇ ಕತ್ತು ಚಾಚಿದರು.

ಅಗಸಿ ಎದ್ದು ನಿಂತಿತ್ತು. ಕಲ್ಲು ಕಲ್ಲಾಗಿತ್ತು, ಬೇವು ಹಸಿರಾಗಿತ್ತು. ಆ ಬಾಗಿಲಿನೊಳಗೆ ಎದ್ದು ನಡೆದರೆ ಸೀದಾ ಊರು ಸೇರಬಹುದು ಅನ್ನುವ ಹಾಗಿತ್ತು. ಮೇಲೆ ಮೋಡ, ಹಾಲಿನಂಥ ಮೋಡ, ಒಂದು ಕಲೆಯಿಲ್ಲದೆ. ಹೆಂಗಸರ ಸಾಲಿನಿಂದ ಯಾವಳೋ "ಅಯ್ಯವ್ವಾ, ನಮ್ಮೂರ ಅಗಸಿ!" ಎಂದಳು. ಅವಳು ಅರ್ಧ ಎದ್ದು ನಿಂತಿದ್ದಳು.

ಸಾಹುಕಾರ ಪೇಟ ಸರಿಮಾಡಿಕೊಂಡು ಎದ್ದ. ಬೆನ್ನು ಪರದೆಗೆ, ಹೊಟ್ಟೆ ಜನಕ್ಕೆ. "ಬಂಧುಗಳ! ಮಂದೀ ಕಾಲದಾಗ ಕಲಾಕ್ಕ ಆಸರ ಕೊಟ್ಟವ್ರು ಯಾರು? ನಾ ಹೇಳೂದ ಬ್ಯಾಡ. ಹಿಂದ ಬಂಗಾರದಕ್ಷರದಾಗ ಅದ, ನೀವ ಓದಿಕೊಳ್ರಿ!" ಎಂದು ತಿರುಗದೆಯೇ ಹಿಂದಕ್ಕೆ ಕೈ ಮಾಡಿದ.

ಜನ ಓದಲಿಕ್ಕೆ ನೋಡಿದರು. ಕಣ್ಣು ಕಿರಿದು ಮಾಡಿದರು. ಪಕ್ಕದವರನ್ನು ಕೇಳಿದರು.

"ಎಲ್ಲಿ ಅದ್ರೀ?" ಎಂದ ಹಿಂದಿನಿಂದ ಒಬ್ಬ. "ಮೋಡ ಅದ, ಗಿಡ ಅದ. ಅಕ್ಷರ ಎಲ್ಲಾವ್ರಿ?"

ಸಾಹುಕಾರ ತಿರುಗಿದ. ತಲೆ ಎತ್ತಿದ. ಕಂದೀಲು ಒಂದನ್ನು ಎತ್ತಿಕೊಂಡು ಪರದೆಯ ಹತ್ತಿರ ಹೋದ. ಬೆಳಕು ಹತ್ತಿರವಾದಷ್ಟೂ ಮೋಡ ಇನ್ನೂ ಬೆಳ್ಳಗಾಯಿತು. ಅವನ ನೆರಳು, ಪೇಟದ ಸಮೇತ, ಅಗಸಿಯ ಮೇಲೆ ಕರಡಿಯಂತೆ ಕುಣಿಯಿತು.

"ಇಲ್ಲೇ ಇತ್ತಲ್ಲೋ! ಮೊಳದಷ್ಟು ಇತ್ತು!"

"ಹೌದು, ಮಧ್ಯಾಹ್ನ ನಾನೇ ಓದಿದ್ದೆ ಮಾರಾಯ್ರೆ," ಎಂದ ಲೋಕನಾಥ. "ನನ್ನದೂ ಇಲ್ಲ ಈಗ!"

ಮೊದಲು ನಕ್ಕದ್ದು ರಾಧಾಬಾಯಿ. ಸಾಹುಕಾರ ನಗದಿದ್ದರೂ ಈ ಸಲ ನಗೆ ನಿಲ್ಲಲಿಲ್ಲ. ಹಮಾಲರು ನಕ್ಕರು, ಕಲಾವಂತರು ನಕ್ಕರು, ದಾನಿಗಳ ಹೆಂಡಂದಿರೂ ಸೆರಗಿನಲ್ಲಿ ನಕ್ಕರು.

ಮುರುಗೆಪ್ಪ ಕಟ್ಟೆಯ ಬದಿಯ ಕಂಬಕ್ಕೆ ಒರಗಿ ನಿಂತಿದ್ದ. ಸಾಹುಕಾರ ಅಲ್ಲಿಗೆ ಬಂದ. ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಬಯ್ಯಲು ಬಂದವನು ಜನರನ್ನು ನೋಡಿ ದನಿ ತಗ್ಗಿಸಿದ.

"ಮುರುಗೆಪ್ಪಾ, ಇದನ್ನ ಸರಿ ಮಾಡಾಕ ಬರ್ತದೇನು?"

ಕಂದು ಬಣ್ಣದ ಬೋಗುಣಿ ಇನ್ನೂ ಕಂಬದ ಬುಡದಲ್ಲೇ ಇತ್ತು.

"ಅರವತ್ತ ಈಗ ಕೊಡ್ತೀನಿ. ಎಲ್ಲಾರ ಮುಂದ, ಕಲಾವಂತ ಅಂತ ಕರದು ಕೊಡ್ತೀನಿ. ಹಾರಾ ಹಾಕ್ತೀನಿ. ನನ್ನ ಒಂದ ಹೆಸರ ಕಾಣೂಹಂಗ ಮಾಡು, ಉಳಿದವ್ರದು ಹಾಳಾಗಲಿ."

ಮುರುಗೆಪ್ಪ ಪರದೆಯನ್ನು ನೋಡಿದ. ಅವನು ಬರೆದದ್ದರಲ್ಲಿ ಇಷ್ಟು ಚೆನ್ನಾಗಿ ಯಾವುದೂ ನಿಂತಿರಲಿಲ್ಲ. ಒಂದು ಕಂದು ಗೆರೆ ಎಳೆದರೆ ಆ ಮೋಡ ಬೆಲ್ಲದಂಗಡಿಯ ಬೋರ್ಡಾಗುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಇನ್ನೂ ಅಗಸಿಯನ್ನೇ ನೋಡುತ್ತ ಕೂತಿದ್ದರು. ಭಾಷಣ ಅವರ ಕಿವಿಗೇ ಬಿದ್ದಿರಲಿಲ್ಲ.

ಬಗ್ಗಿ ತನ್ನ ಕುಂಚಗಳನ್ನು ಎತ್ತಿಕೊಂಡ. ಚಿಂದಿ ಅರಿವೆಯಲ್ಲಿ ಸುತ್ತಿ ಬಗಲಿಗೆ ಸಿಕ್ಕಿಸಿದ. ಬೋಗುಣಿಯನ್ನು ಅಲ್ಲೇ ಬಿಟ್ಟ. ಡಾಂಬರು ಕಾಯುತ್ತಿದ್ದ ದೌಂಡಕ್ಕೆ ಒಂಬತ್ತೂಕಾಲಿಗೆ ಒಂದು ಗಾಡಿಯಿತ್ತು, ಅಷ್ಟರಲ್ಲಿ ಮನೆಗೆ ಹೋಗಿ ಅವ್ವನಿಗೆ ಹೇಳಬೇಕಿತ್ತು.

"ಎಲ್ಲಿ ಹೊಂಟಿ? ಲೇ, ನಿನ್ನ ಕೇಳಾಕ ಹತ್ತೀನಿ! ನನ್ನ ಹೆಸರ ಏನ್ ಮಾಡಿದಿ?"

ಜನ ಕಾಲು ಮಡಚಿ ದಾರಿ ಬಿಟ್ಟರು. ಮುರುಗೆಪ್ಪ ಅವರ ನಡುವೆ ಹಾದು, ಬೆಲ್ಲದ ಮೂಟೆಗಳ ಪಕ್ಕದಲ್ಲಿ ಹಾದು, ವಖಾರದ ಬಾಗಿಲು ದಾಟಿ ಬೀದಿಗೆ ಇಳಿದ.